ತೊಡಕಿನ ದಿನದ ಕೂಪನ್ನು

ಅಕ್ಕ ಕೂಗಿದಾಗ ನಾನು ಹೋಗಲಿಲ್ಲ. ಕೇಳಿಸಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಕೇಳಿಸಿತ್ತು. ಗೋಡೌನಿನಲ್ಲಿ ಅಕ್ಕಿ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಉಸಿರಿನ ಸದ್ದು ಹೊರಗಿನವರಿಗೆ ಕೇಳಿಬಿಟ್ಟೀತು ಎಂದು ಹೆದರಿಕೆ.

ಆಗ ನಾವಿಬ್ಬರೂ ಶಿರಾದ ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಗೌಡಗೆರೆ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅಕ್ಕ ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹಾಕುತ್ತಿದ್ದಳು. ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮೂಟೆ ಇಳಿಸುವುದು, ಸಾಮಾನು ಜೋಡಿಸುವುದು, ಬಾಗಿಲಲ್ಲಿ ನಿಂತು ಬಿಲ್ಲಿಗೆ ಸೀಲು ಒತ್ತುವುದು ನನ್ನ ಪಾಲಿಗೆ. ಆ ಕೆಲಸ ಕೊಡಿಸಿದವಳೂ ಅಕ್ಕನೇ.

ಯುಗಾದಿ ಹತ್ತಿರ ಬಂದಾಗ ಯಜಮಾನರು ಕೂಪನ್ನು ಅಚ್ಚು ಹಾಕಿಸಿದರು. ಹೆಚ್ಚು ಸಾಮಾನು ಕೊಂಡವರಿಗೆ ಒಂದು ಕೂಪನ್ನು. ಇನ್ನೊಂದು ಸಲ ಬಂದಾಗ ಅದನ್ನು ತೋರಿಸಿದರೆ ಒಂದು ಪ್ಯಾಕೆಟ್ ಕಡಲೆಕಾಯಿ ಎಣ್ಣೆ ಬಿಟ್ಟಿ. ಬಾಗಿಲಲ್ಲಿ ಅದನ್ನು ಹಂಚುವವನು ನಾನು. ಮೇಲೆ ದಪ್ಪ ಅಕ್ಷರದಲ್ಲಿ ‘ಯುಗಾದಿ ಹಬ್ಬದವರೆಗೆ’ ಎಂದಿತ್ತು. ಕೆಳಗೆ ಸಣ್ಣ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ಅದನ್ನು ನಾನು ಓದಲಿಲ್ಲ. ಓದಲು ಹೋದರೆ ಒಂದೊಂದೇ ಅಕ್ಷರ ಕೂಡಿಸಬೇಕು, ತುಟಿ ಅಲ್ಲಾಡುತ್ತದೆ. ಜನರೆದುರು ನಾಚಿಕೆ.

“ಯಾವತ್ತಿನ ಗಂಟ ಇದು? ವಸಿ ಓದಪ್ಪ” ಎಂದು ಒಬ್ಬ ಹೆಂಗಸು ಕೇಳಿದಳು.

“ಹಬ್ಬ ಮುಗಿಯೋಗಂಟ ಕಣಮ್ಮ. ತೊಡಕಿನ ದಿನ ಬಂದ್ರೂ ಕೊಡ್ತಾರೆ” ಅಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಮನೆಗಳಲ್ಲಿ ಯುಗಾದಿ ಎಂದರೆ ಎರಡು ದಿನ. ಮೊದಲ ದಿನ ಹೋಳಿಗೆ, ಮಾರನೆಯ ದಿನ ಹೊಸತೊಡಕು, ಮಾಂಸದ ಬಾಡೂಟ. ತೊಡಕು ಕಳೆಯದೆ ಹಬ್ಬ ಮುಗಿಯಿತೆಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಯಜಮಾನರ ಮನೆಯಲ್ಲಿ ಬಾಡು ಮಾಡುವುದಿಲ್ಲ, ಹೋಳಿಗೆ ಉಂಡರೆ ಅವರ ಹಬ್ಬ ಮುಗಿಯಿತು ಎಂಬುದು ನನಗೆ ಹೊಳೆಯಲೇ ಇಲ್ಲ. ಅವಳಿಗೆ ಹೇಳಿದ್ದನ್ನು ಕೇಳಿದವರಿಗೆಲ್ಲ ಹೇಳಿದೆ. ಕೇಳದವರನ್ನೂ ಕರೆದು ಹೇಳಿದೆ. ಓದು ಬಲ್ಲವನ ಹಾಗೆ ಹೇಳುವುದು ಹಿತವಾಗಿತ್ತು.

ತೊಡಕಿನ ದಿನ ಬೆಳಿಗ್ಗೆ ಬಾಡಿನಂಗಡಿಗಳ ಮುಂದೆ ನಿಂತು ಸಾಕಾಗಿದ್ದ ಜನ ನೇರವಾಗಿ ನಮ್ಮ ಅಂಗಡಿಗೆ ಬಂದರು. ಯಜಮಾನರು ಇನ್ನೂ ಬಂದಿರಲಿಲ್ಲ. ನಾನು ಬೇಳೆ ಚೀಲ ತರಲು ಹಿಂದಿನ ಗೋಡೌನಿಗೆ ಹೋಗಿದ್ದೆ. ಅದರ ಬಾಗಿಲ ಸಂದಿಯಿಂದ ಕೌಂಟರು ಕಾಣುತ್ತಿತ್ತು.

“ಇದು ನೆನ್ನೆಗೇ ಮುಗ್ದೋಯ್ತು ಕಣಮ್ಮ. ಕಂಪ್ಯೂಟರು ತಗಳ್ತಿಲ್ಲ” ಎಂದು ಅಕ್ಕ ಯಾರಿಗೋ ಹೇಳುತ್ತಿದ್ದಳು.

“ಮುಗ್ದೋಯ್ತಾ? ಹಬ್ಬ ಇನ್ನೂ ಚೀಲದಾಗೆ ಹಸೀಗೈತೆ, ಒಲೆ ಮೇಲೇ ಇಕ್ಕಿಲ್ಲ. ಅದೆಂಗ್ ಮುಗೀತು?” ಆ ಹೆಂಗಸು ಬಾಡಿನ ಚೀಲ ಎತ್ತಿ ತೋರಿಸಿದಳು. ಜನ ಗೊಳ್ಳೆಂದರು. ನನಗೂ ನಗು ಬಂತು.

“ನಿಮ್ ಯಜಮಾನ್ರು ಹೋಳ್ಗೆ ತಿಂದು ಕೈ ತೊಳ್ಕಂಡವ್ರೆ. ನಾವಿನ್ನೂ ಉಣ್ಣಕ್ಕೇ ಕುಂತಿಲ್ಲ ಕಣವ್ವ!” ಎಂದ ಇನ್ನೊಬ್ಬ.

ಪಾವಗಡದ ಕಡೆಯವನೊಬ್ಬ ಮುಂದೆ ಬಂದ. ಅವನು ನಗುತ್ತಿರಲಿಲ್ಲ. “ಏಮಮ್ಮಾ, ಮೋಸಮಾ ಇದು? ಕೊಡೋಕಾಗ್ದಿದ್ರೆ ಯಾಕಮ್ಮಾ ಹಂಚಿದ್ರಿ?”

“ಅದ್ರಾಗೇ ಬರ್ದೈತಲ್ಲಣ್ಣ, ಕೆಳ್ಗಡೆ ನೋಡಿ.”

“ಬರ್ದಿರೋದು ಯಾವನಿಗ್ ಬೇಕು? ನಿಮ್ ಅಂಗ್ಡಿಯೋರೇ ಹೇಳವ್ರೆ, ತೊಡಕಿನ ದಿನ ಬನ್ನಿ ಅಂತ.”

“ಯಾರು ಹೇಳ್ದೋರು?” ಎಂದಳು ಅಕ್ಕ.

ನಾನು ಚೀಲ ಕೆಳಗಿಟ್ಟು ಮೂಟೆಗಳ ಹಿಂದೆ ಸರಿದೆ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ, ಬರೀ ಸದ್ದು. ಕಂಡಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ನಗು ನಿಂತು ಬೈಗುಳ ಶುರುವಾಯಿತು. “ವೀಡ್ಯೋ ತೆಗೀಲಾ, ಅವಳ ಮುಖ ತೆಗಿ” ಎಂದು ಒಬ್ಬ ಅಂದ. ಕೌಂಟರಿನ ಮೇಜು ನೆಲಕ್ಕೆ ಉಜ್ಜಿಕೊಂಡು ಹಿಂದಕ್ಕೆ ಸರಿಯುವ ಸದ್ದು. ಅದರ ಹಿಂದೆ ಇರುವುದು ಅಕ್ಕ, ಅವಳ ಹಿಂದೆ ಗೋಡೆ. ಬಳೆ ಒಡೆದವು.

“ಲೇ ತಮ್ಮಾ! ಬಾರ್ಲಾ ಇಲ್ಲಿ! ಎಲ್ಲೋದ್ಯೋ!”

ಹೋದರೆ ಕೂಪನ್ನು ಓದಪ್ಪ ಎಂದಿದ್ದ ಹೆಂಗಸು ಅಲ್ಲಿರುತ್ತಾಳೆ, ನನ್ನನ್ನು ಗುರುತು ಹಿಡಿಯುತ್ತಾಳೆ, ‘ಇವನೇ’ ಎಂದು ಬೆರಳು ತೋರಿಸುತ್ತಾಳೆ, ಅಷ್ಟು ಜನ ನನ್ನ ಕಡೆ ತಿರುಗುತ್ತಾರೆ. ನನಗೆ ಇದ್ದದ್ದು ಅದೊಂದೇ ಯೋಚನೆ. ಅಕ್ಕ ಮತ್ತೆ ಕೂಗಿದಳು. ಆ ಸಲ ಅವಳ ದನಿ ಚಿಕ್ಕ ಮಗುವಿನ ದನಿಯ ಹಾಗಿತ್ತು. ನಾನು ಬಾಯಿಯಿಂದ ಕೈ ತೆಗೆದು ಕಿವಿ ಮುಚ್ಚಿಕೊಂಡೆ.

ಯಜಮಾನರು ಬಂದು, ಕೂಪನ್ನು ತಂದವರಿಗೆಲ್ಲ ಎಣ್ಣೆ ಕೊಟ್ಟು ಕಳಿಸಿ, ಷಟರು ಎಳೆದರು. ಆಗ ಹೊರಗೆ ಬಂದೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು, ಮುಂಗೈಯಲ್ಲಿ ರಕ್ತ. ನಾನು ಪೊರಕೆ ತೆಗೆದುಕೊಂಡು ಬಳೆಚೂರು ಗುಡಿಸತೊಡಗಿದೆ.

“ಇವ್ರಿಗೆಲ್ಲ ಇವತ್ತು ಬನ್ನಿ ಅಂತ ಯಾರಮ್ಮ ಹೇಳಿದ್ದು?” ಯಜಮಾನರು ಕೇಳಿದರು.

“ನಾನ್ ಹೇಳಿಲ್ಲ ಸಾರ್. ಬೇಕಾದ್ರೆ ನನ್ ತಮ್ಮನ್ನ ಕೇಳಿ, ಅವ್ನು ಬಾಗ್ಲಾಗೇ ಇರ್ತಾನೆ.”

ಯಜಮಾನರು ನನ್ನ ಕಡೆ ತಿರುಗಿದರು. “ಏನೋ, ನಿಮ್ಮಕ್ಕ ಹೇಳಿದ್ದಾ?”

ಇಲ್ಲ ಎಂದರೆ ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. “ಗೊತ್ತಿಲ್ಲ ಸಾರ್” ಎಂದೆ.

ಅಕ್ಕ ನನ್ನನ್ನೇ ನೋಡಿದಳು. ನಾಳೆಯಿಂದ ಬರಬೇಡ ಎಂದು ಯಜಮಾನರು ಅವಳಿಗೆ ಹೇಳಿದರು. ನನಗೆ ಹೇಳಲಿಲ್ಲ.

ಆ ವೀಡಿಯೋ ಫೋನಿನಿಂದ ಫೋನಿಗೆ ಹೋಯಿತು. ಅಕ್ಕನ ಮುಖದ ಮೇಲೆ ‘ಕೂಪನ್ ಕಳ್ಳಿ’ ಎಂದು ಯಾರೋ ಬರೆದಿದ್ದರು. ಮಧುಗಿರಿಯಲ್ಲಿರುವ ಚಿಕ್ಕಮ್ಮ ಫೋನು ಮಾಡಿ, “ನಮ್ ಮಗೀನೇನಮ್ಮ ಇದು?” ಎಂದು ಅವ್ವನನ್ನು ಕೇಳಿದರು. ಅಕ್ಕ ಊರೊಳಗಿನ ಅಂಗಡಿಗೂ ಹೋಗದಾದಳು. ಬಾಗಿಲು ಬಡಿದರೆ ಒಳಕೋಣೆಗೆ ಸೇರಿಕೊಳ್ಳುತ್ತಿದ್ದಳು. ನಾನು ಅದೇ ಅಂಗಡಿಗೆ ಹೋಗುತ್ತಲೇ ಇದ್ದೆ. ಪ್ರತಿ ಹೆಂಗಸಿನ ಮುಖವನ್ನೂ ಕೂಪನ್ನು ಓದಪ್ಪ ಎಂದವಳೇನೋ ಎಂದು ನೋಡುತ್ತಿದ್ದೆ. ಮನೆಗೆ ಬಂದರೆ ಅಕ್ಕ ತಟ್ಟೆ ಇಟ್ಟು ಮುದ್ದೆ ಇಕ್ಕುತ್ತಿದ್ದಳು; ಇವತ್ತು ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ತಲೆ ಬಗ್ಗಿಸಿ ಬೇಗ ಬೇಗ ಉಂಡು ಏಳುತ್ತಿದ್ದೆ. ಅವಳು ಕೇಳಲಿಲ್ಲ. ತಿಂಗಳುಗಳು ಹಾಗೆಯೇ ಹೋದವು.

ಕೊರಟಗೆರೆಯಲ್ಲಿ ಒಂದು ಅಂಗಡಿಗೆ ಬಿಲ್ಲು ಹಾಕುವವರು ಬೇಕಂತೆ ಎಂದು ಸುದ್ದಿ ಬಂತು. ಗೊರವನಹಳ್ಳಿಗೆ ಹೋಗುವ ಭಕ್ತರೇ ಅಲ್ಲಿ ಹೆಚ್ಚು, ದೂರದವರು, ಗುರುತು ಹಿಡಿಯುವುದಿಲ್ಲ ಎಂದು ಅವ್ವ ಒಪ್ಪಿಸಿದಳು. ಜೊತೆಗೆ ನನ್ನನ್ನು ಕಳಿಸಿದಳು. ಅಕ್ಕ ತಲೆತುಂಬ ಸೆರಗು ಹೊದ್ದು, ಮೂಗಿನವರೆಗೆ ಎಳೆದುಕೊಂಡು ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಬೇಕು. ಕಂಡಕ್ಟರು ಕಾರ್ಡು ನೋಡಿ, “ಸೆರಗು ತೆಗ್ಯಮ್ಮ. ಕಾರ್ಡಲ್ಲಿರೋಳು ನೀನೇನಾ?” ಎಂದ. ತಮಾಷೆಗೇ ಅಂದದ್ದು. ಅಕ್ಕ ಸೆರಗು ಸರಿಸಿದಳು.

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. “ಇವ್ಳನ್ನ ಎಲ್ಲೋ ನೋಡಿವ್ನಲ್ಲ. ಅಯ್ಯ, ಫೋನಾಗೆ ಬಂದಿತ್ತಲ್ಲ, ಆ ಕೂಪನ್ನಮ್ಮ! ಏನವ್ವ, ಎಣ್ಣೆ ಇನ್ನೂ ಮಡಗಿದ್ದೀಯಾ, ಖಾಲಿಯಾಯ್ತಾ?”

ಅಕ್ಕಪಕ್ಕದವರು ನಕ್ಕರು. ಹಿಂದಿನವರು ನೋಡಲು ಎದ್ದುನಿಂತರು. ಅಕ್ಕ ನನ್ನ ಅಂಗಿ ಬಿಟ್ಟು ಸೆರಗನ್ನು ಮತ್ತೆ ಮೂಗಿನವರೆಗೆ ಎಳೆದುಕೊಂಡಳು.

“ನಿಲ್ಸಿ ಸಾರ್, ಇಳೀತೀನಿ.”

“ಇಲ್ಲೇನೈತಮ್ಮ? ಬರೀ ಹೊಲ.”

“ನಿಲ್ಸಿ ಸಾರ್!” ಅವಳು ಎದ್ದೇಬಿಟ್ಟಳು. ಇಲ್ಲಿ ಇಳಿದರೆ ಅವಳು ಮತ್ತೆ ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ಗೊತ್ತಾಯಿತು. ಬಸ್ಸಿನ ತುಂಬ ಸುತ್ತಮುತ್ತಲ ಊರಿನವರು. ಬಾಯಿ ಬಿಟ್ಟರೆ ಸಂಜೆಯೊಳಗೆ ಯಜಮಾನರಿಗೂ ಮುಟ್ಟುತ್ತದೆ. ಆದರೂ ಎದ್ದು ಅಕ್ಕನಿಗೆ ಅಡ್ಡ ನಿಂತು ಆ ಹೆಂಗಸಿಗೆ, “ಇವ್ಳಲ್ಲ ಕಣಮ್ಮ. ತೊಡಕಿನ ದಿನ ಬನ್ನಿ ಅಂತ ಹೇಳ್ದೋನು ನಾನು” ಎಂದೆ. ದನಿ ಒಡೆಯಿತು. ಬಸ್ಸಿಗೆಲ್ಲ ಕೇಳಲಿ ಎಂದು ಇನ್ನೊಂದು ಸಲ ಹೇಳಿದೆ.

ಆಮೇಲೆ ಅಕ್ಕನ ಕಡೆ ತಿರುಗಿದೆ. ಮುಖ ನೋಡಲಾಗಲಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ:

“ನೀನ್ ಕೂಗಿದ್ದು ಕೇಳುಸ್ತಕ್ಕ. ಎಲ್ಡು ಸಲಾನೂ ಕೇಳುಸ್ತು. ಹೆದ್ರುಕಂಡು ಮೂಟೆ ಹಿಂದೆ ಕುಂತ್ಬುಟ್ಟೆ. ತಪ್ಪಾಯ್ತಕ್ಕ.”