ಡಾಂಬರು ಬಳಿದ ಅಪ್ಪೆಮರ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಸಿದ್ದಾಪುರದ ಕಡೆಯ ನಮ್ಮ ಮನೆಗೆ ವಾಪಸು ಬಂದವಳು. ಹೊಳೆದಂಡೆಯ ಅಪ್ಪೆಮಾವಿನ ಮರ ಅವಳಿಗೆ ಅಂತ ಅಜ್ಜ ಬಾಯಿಮಾತಲ್ಲಿ ಕೊಟ್ಟಿದ್ದ. ಆ ಮನೆಯಲ್ಲಿ ಅವಳದು ಅನ್ನುವುದು ಅದೊಂದೇ. ಉಪ್ಪಿನಕಾಯಿಗೆ ಮಿಡಿ ಬೇಕು ಅಂತ ಯಲ್ಲಾಪುರದಿಂದಲೂ ನೆಂಟರು ಬರುತ್ತಿದ್ದರು. ಬಂದವರು ಅಪ್ಪನನ್ನಲ್ಲ, ಅವಳನ್ನು ಕೇಳಬೇಕಿತ್ತು. ಅಪ್ಪನಿಗೆ ಅದು ಹೊಟ್ಟೆಯುರಿ. ಮಗಳಾಗಿಯೇ ಹೇಳುತ್ತೇನೆ, ಹೊಟ್ಟೆಯುರಿಯೇ.

ಅರವತ್ತನೇ ಇಸವಿಯ ಆಚೀಚೆ ಶಿರಸಿ ರಸ್ತೆಗೆ ಡಾಂಬರು ಹಾಕಿದವರು ಉಳಿದ ಡಬ್ಬಿಗಳನ್ನು ಬಿಟ್ಟುಹೋದರು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಪೈಕಿಯೇ ನಮ್ಮೂರವರು? ಒಬ್ಬ ಬಾಗಿಲಿಗೆ ಬಳಿದ, ಇನ್ನೊಬ್ಬ ಬೇಲಿಗೂಟಕ್ಕೆ. ಅಪ್ಪ, ಅಪ್ಪೆಮರಕ್ಕೆ ಒರಲೆ ಹುಳ ಹತ್ತಿದೆ ಅಂತ ನೆವ ಹೇಳಿ, ಡಾಂಬರನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಬುಡದಿಂದ ಕವಲಿನವರೆಗೆ ಬಳಿಸತೊಡಗಿದ.

ಅತ್ತೆ ಓಡಿ ಬಂದಳು. ತೊಗಟೆಯ ಮೇಲಿನ ಸಣ್ಣ ಗುಳ್ಳೆಯಂಥ ಚುಕ್ಕೆಗಳನ್ನು ಬೆರಳಲ್ಲಿ ತೋರಿಸಿ, "ಮೈಯೆಲ್ಲಾ ಮುಚ್ಚಡ ತಮಾ, ಮರ ಇದ್ರಲ್ಲೇ ಉಸ್ರಾಡ್ತು" ಅಂದಳು.

"ಮರಕ್ಕೆ ಮೂಗು ಎಲ್ಲಿದ್ದು ಅಕ್ಕ?" ಅಂತ ಅಪ್ಪ ನಕ್ಕ. ಕೆಲಸದವರೂ ನಕ್ಕರು.

ಮುಂದೆ ಕಾಲೇಜಿನಲ್ಲಿ ನಾನು ಅದನ್ನೇ ಓದಿದೆ. ಎಲೆಯೊಂದೇ ಅಲ್ಲ, ತೊಗಟೆಯ ಆ ಚುಕ್ಕೆಗಳಲ್ಲೂ ಗಾಳಿ ಓಡಾಡುತ್ತದೆ. ಒಳಗಿನ ಜೀವಕ್ಕೆ ಬೇಕಾದ ಆಮ್ಲಜನಕ ಅಲ್ಲಿಂದ ಹೋಗುತ್ತದೆ, ಬೇಡದ ಗಾಳಿ ಅಲ್ಲಿಂದಲೇ ಹೊರಬೀಳುತ್ತದೆ. ಓದಿ ಏನು ಬಂತು, ಮಣ್ಣು.

ಡಾಂಬರು ಬಳಿದ ಮೊದಲ ವರ್ಷ ಮಿಡಿ ಕಚ್ಚಲಿಲ್ಲ. ಮಾರನೇ ವರ್ಷ ಎಲೆ ಉದುರಿತು, ಡಾಂಬರಿನಡಿ ತೊಗಟೆ ಕೊಳೆತು ಹೋಳುಹೋಳಾಗಿ ಎದ್ದು ಬಂತು. ನೆಂಟರು ಬರುವುದು ನಿಂತಿತು. ಅವಳ ಮಿಡಿ ತಿಂದು ನಾಲಿಗೆ ಚಪ್ಪರಿಸಿದವರಲ್ಲಿ ಒಬ್ಬರಾದರೂ ಅವಳು ಹೇಗಿದ್ದಾಳೆ ಎಂದು ಕೇಳಬೇಡವೇ? ಉಂಡ ಮನೆಯ ಜಂತೆ ಎಣಿಸುವ ಜನ. ಅತ್ತೆ ಅಡುಗೆಮನೆ ಬಿಟ್ಟು ಹೊರಗೆ ಬರುವುದೂ ಕಮ್ಮಿಯಾಯಿತು.

ಒಂದು ದಿನ ಕೆಲಸದವನೊಬ್ಬ, ಒಣಗಿದ ಮರ ಕಡಿಯಲೇ ಎಂದು ಅಪ್ಪನನ್ನು ಕೇಳಿದ. ನಮ್ಮಲ್ಲಿ ಹೆಣ ಸುಡುವುದಕ್ಕೆ ಮಾವಿನ ಕಟ್ಟಿಗೆಯೇ ಆಗಬೇಕು. ಅತ್ತೆ ಅಲ್ಲೇ ಜಗಲಿಯಲ್ಲಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ಅಪ್ಪ ಅವಳತ್ತ ಒಮ್ಮೆ ನೋಡಿ, "ಈಗ ಬ್ಯಾಡ, ಇರ್ಲಿ. ಮನೇಲಿ ವಯಸ್ಸಾದವ್ರು ಇದಾರೆ, ಬೇಕಾಗ್ತದೆ" ಅಂದ.

ಅತ್ತೆ ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಇರ್ಲಿ ತಮಾ. ಅವತ್ತಾದ್ರೂ ಎಲ್ಲರೆದ್ರಿಗೆ ಹೇಳು, ಆ ಮರ ಅಕ್ಕಂದು ಅಂತ."