ಬೆರಳು ತೋರಿಸದ ಬು ಎರ್ತೇ

ಬು ಎರ್ತೇ ದಾರಿ ತೋರಿಸುತ್ತಿದ್ದುದು ಹೆಬ್ಬೆರಳಿನಿಂದ. ಬಲಗೈಯ ನಾಲ್ಕು ಬೆರಳನ್ನು ಒಳಕ್ಕೆ ಮಡಚಿ, ಹೆಬ್ಬೆರಳನ್ನು ಅವುಗಳ ಮೇಲೆ ನೀಟಾಗಿ ಚಾಚಿ, ಎಡಗೈಯಿಂದ ಬಲ ಮೊಣಕೈಯನ್ನು ಹಗುರಾಗಿ ಮುಟ್ಟಿಕೊಂಡು, ಸ್ವಲ್ಪ ಬಾಗಿ ತೋರಿಸುತ್ತಿದ್ದರು. ಕಸದ ಡಬ್ಬಿ ಎಲ್ಲಿದೆ ಎಂದು ಕೇಳಿದರೂ ಅಷ್ಟೇ, ಆಸ್ಪತ್ರೆಗೆ ಯಾವ ಕಡೆ ಎಂದು ಕೇಳಿದರೂ ಅಷ್ಟೇ, ಮಂಗಳಾರತಿ ಎತ್ತಿದಷ್ಟು ಮರ್ಯಾದೆ. ತೋರುಬೆರಳನ್ನು ಮನುಷ್ಯರತ್ತ ಚಾಚುವುದು ಅವರ ಜಾವಾ ಸೀಮೆಯಲ್ಲಿ ಒರಟುತನವಂತೆ. ನಮ್ಮ ಭಾಷೆಯಲ್ಲಿ ‘ಬೆರಳು ತೋರಿಸು’ ಅಂದರೆ ತಪ್ಪು ಹೊರಿಸು ಎಂದೂ ಅರ್ಥವಿದೆ ಎಂದು ಒಮ್ಮೆ ಹೇಳಿದೆ. ಬಹಳ ಹೊತ್ತು ನಕ್ಕರು. ಹಾಗಾದರೆ ನಿಮ್ಮವರಿಗೂ ಗೊತ್ತಿದೆ ಅಂದರು.

ಎರ್ತೇ ಅನ್ನುವುದು ಅವರ ಮನೆಹೆಸರು ಎಂದು ನಾನು ಎರಡು ವರ್ಷ ನಂಬಿಕೊಂಡಿದ್ದೆ. ದೀಪಾವಳಿಗೆ ಕೊಟ್ಟ ಚಕ್ಕುಲಿ ಡಬ್ಬಿಯ ಮೇಲೆ ‘ಶ್ರೀಮತಿ ಎರ್ತೇ ಅವರಿಗೆ’ ಎಂದು ಅಂದವಾಗಿ ಬರೆದೂ ಕೊಟ್ಟೆ. ಅವರ ಮಗಳು ಅದನ್ನು ನೋಡಿ ಸೋಫಾ ಮೇಲೆ ಬಿದ್ದು ನಕ್ಕಳಂತೆ. ‘ಎರ್’ ಮತ್ತು ‘ತೇ’ ಅಂದರೆ ಆರ್ ಮತ್ತು ಟಿ ಅಕ್ಷರಗಳನ್ನು ಅವರು ಉಚ್ಚರಿಸುವ ರೀತಿ. ‘ಬು’ ಅಂದರೆ ಅಮ್ಮ. ಆರ್‌ಟಿ ಅನ್ನುವುದು ಇಂಡೋನೇಷ್ಯಾದಲ್ಲಿ ಸರ್ಕಾರದ ತೀರಾ ಕೆಳಗಿನ ಮೆಟ್ಟಿಲು. ಒಂದು ಗಲ್ಲಿಯ ಮೂವತ್ತು ನಲವತ್ತು ಮನೆಗೆ ಒಬ್ಬ ಮುಖ್ಯಸ್ಥ, ನೆರೆಯವರೇ ಆರಿಸಿಕೊಂಡವನು. ಸಂಬಳ ಅನ್ನುವಂಥದ್ದೇನೂ ಇಲ್ಲ. ಆದರೆ ಗುರುತಿನ ಚೀಟಿ ಬೇಕಾದರೂ, ಮದುವೆ ನೋಂದಾಯಿಸಬೇಕಾದರೂ, ಮೊದಲು ಅವನ ಪತ್ರ ಬೇಕು. ಇವರ ಗಂಡ ಸೋಲೋ ಊರಿನ ಒಂದು ಗಲ್ಲಿಗೆ ಎರ್ತೇ ಆಗಿದ್ದವರು. ಅವರು ತೀರಿಕೊಂಡ ಮೇಲೆ ಗಲ್ಲಿಯವರು ಬೇರೆ ಯಾರನ್ನೂ ಒಪ್ಪದೆ ಶಾಲೆಯ ಮೇಡಂ ಆಗಿದ್ದ ಇವರನ್ನೇ ಕೂರಿಸಿದರು. ಮಗಳಿಗೆ ಇಲ್ಲಿ ಡೆನ್ನಿ ಟ್ರಯಾಂಗಲ್ ಪೇಟೆಯಲ್ಲಿ ಕೆಲಸ ಸಿಕ್ಕಿ ಇವರು ದೇಶ ಬಿಟ್ಟು ನಮ್ಮ ನೆರೆಗೆ ಬಂದ ಮೇಲೂ ಅವರ ದೇಶದವರೆಲ್ಲ ‘ಬು ಎರ್ತೇ’ ಎಂದೇ ಕರೆಯುತ್ತಿದ್ದರು. ಹುದ್ದೆ ಹೋದರೂ ಹೆಸರು ಉಳಿಯುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ಕ್ಯಾನ್ಯನ್ ಪಾರ್ಕ್ ಹತ್ತಿರ ನಮ್ಮದು ಇಪ್ಪತ್ತೆರಡು ಟೌನ್‌ಹೌಸುಗಳ ಒಂದು ಸಾಲು. ಒಂದು ಗೋಡೆಗೆ ಎರಡು ಮನೆ, ಎದುರುಬದುರು ಬಾಗಿಲು, ನಡುವೆ ಎಲ್ಲರಿಗೂ ಒಂದೇ ಕಾಲುದಾರಿ. ನಾನು ಅಲ್ಲಿ ನಮ್ಮ ಮನೆಯ ಅಡಿಗೆಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ, ವಾಂಗೀಬಾತ್ ಪುಡಿ ಮಾಡಿ ಮಾರುತ್ತೇನೆ. ರಾಜ್ಯದವರ ಲೈಸೆನ್ಸು ಫ್ರಿಜ್ ಪಕ್ಕದ ಗೋಡೆಯ ಮೇಲಿದೆ. ತುಮಕೂರಿನಿಂದ ಬಂದಾಗ ನನ್ನ ಕೈಯಲ್ಲಿದ್ದುದು ಒಂದು ಮಿಕ್ಸಿ ಮತ್ತು ಬಾಯಿ. ಬಾಯಿಯೇ ಹೆಚ್ಚು ಕೆಲಸ ಮಾಡಿತು ಎಂದು ಗಂಡ ಈಗಲೂ ಹೇಳುತ್ತಾನೆ. ಓವರ್‌ಲೇಕ್ ಕಡೆಯ ಕನ್ನಡದ ಮನೆಗಳಲ್ಲಿ ನನ್ನನ್ನು ‘ಪುಡಿ ಅಕ್ಕ’ ಅನ್ನುತ್ತಾರೆ. ಹೊಸದಾಗಿ ವ್ಯಾಪಾರ ಶುರುಮಾಡುವವರಿಗೆ ನಾನು ಹೇಳುವುದು ಒಂದೇ: ಎದುರಿನವನಿಗೆ ಏನು ಬೇಕು ಎಂದು ಮೊದಲು ತಿಳಿದುಕೊಳ್ಳಿ, ಆಮೇಲೆ ಬೆಲೆ ಮಾತಾಡಿ. ಈ ಬುದ್ಧಿ ನನ್ನದೇ ಎಂದು ಬಹಳ ದಿನ ಬೀಗುತ್ತಿದ್ದೆ. ಅದರಲ್ಲಿ ನನಗೆ ತಿಳಿದಿದ್ದುದು ಅರ್ಧ ಮಾತ್ರ.

ಒಂದು ಶರತ್ಕಾಲದಲ್ಲಿ ಮನೆ ಮಾಲೀಕರ ಸಂಘದಿಂದ ಪತ್ರ ಬಂತು. ಎದುರುಮನೆಯ ಯಜಮಾನರು ದೂರು ಕೊಟ್ಟಿದ್ದರು. ನಿವೃತ್ತ ಮೆಕ್ಯಾನಿಕ್, ಬಿಳಿ ಮೀಸೆ, ಗುಡ್ ಮಾರ್ನಿಂಗಿಗಿಂತ ಹೆಚ್ಚು ಮಾತಾಡದವರು. ನಾನು ಮೆಣಸಿನಕಾಯಿ ಹುರಿಯುವ ಘಾಟು ಅವರ ಮನೆಯೊಳಗೆ ಬರುತ್ತಿದೆ. ಆದ್ದರಿಂದ ಈ ಸಾಲಿನ ಯಾವ ಮನೆಯಲ್ಲೂ ಮಾರಾಟಕ್ಕೆಂದು ಆಹಾರ ತಯಾರಿಸಬಾರದು ಎಂಬ ನಿಯಮ ಬೇಕು. ಮೂರು ವಾರದ ನಂತರ ಸಭೆ, ಸಭೆಯಲ್ಲಿ ಮತದಾನ. ನಿಯಮ ಬಂದರೆ ನನ್ನ ಒಲೆ ಆರಿತು ಅಂತಲೇ ಲೆಕ್ಕ. ಬೇರೆ ಕಡೆ ಅಡಿಗೆಮನೆ ಬಾಡಿಗೆಗೆ ಹಿಡಿಯುವಷ್ಟು ದೊಡ್ಡ ವ್ಯಾಪಾರ ನನ್ನದಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಅದೇ ಸಂಜೆಯಿಂದ ಬಾಗಿಲು ತಟ್ಟಲು ಶುರುಮಾಡಿದೆ. ಮೂಲೆಮನೆಯವರಿಗೆ ಅತಿಥಿಗಳ ಕಾರು ನಿಲ್ಲಿಸುವ ಜಾಗ ಬೇಕಿತ್ತು, ಸಂಘದಲ್ಲಿ ಅವರ ಪರ ಮಾತಾಡುತ್ತೇನೆ ಅಂದೆ. ತೆಲುಗು ಹುಡುಗರ ಮನೆಗೆ ತೊಗರಿಬೇಳೆಯ ಕಂದಿಪುಡಿ ಕಲಿತು ಮಾಡಿಕೊಟ್ಟೆ. ನಾಯಿ ಸಾಕಿದವರಿಗೆ ನಾಯಿ ನಿಯಮ ಸಡಿಲಿಸೋಣ ಅಂದೆ. ಗಂಡ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ, “ಏನೇ, ಎಲೆಕ್ಷನ್‌ಗೆ ನಿಂತಿದೀಯಾ? ಸೀರೆ ಯಾವಾಗ ಹಂಚ್ತೀಯ?”

ಹತ್ತು ದಿನದಲ್ಲಿ ಹನ್ನೆರಡು ಮನೆ ನನ್ನ ಕಡೆ ಬಂದವು. ಹನ್ನೆರಡು ಅಂದರೆ ಗೆಲುವು. ಹಾಳೆಯ ಮೇಲೆ ಮನೆ ನಂಬರುಗಳನ್ನು ಬರೆದು ಬು ಎರ್ತೇ ಅವರಿಗೆ ತೋರಿಸಲು ಹೋದೆ. ಅಷ್ಟು ವರ್ಷ ಜನರನ್ನು ಆಳಿದವರು, ಮೆಚ್ಚುತ್ತಾರೆ ಅಂದುಕೊಂಡಿದ್ದೆ.

ಕನ್ನಡಕ ಹಾಕಿಕೊಂಡು ಓದಿದರು. ಓದಿದ್ದು ಹಾಳೆಯಲ್ಲಿ ಇಲ್ಲದ ನಂಬರುಗಳನ್ನು. ಬಿಟ್ಟುಹೋದ ಹತ್ತು ಮನೆಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡು, ಇವರು ಎಂದು ಕೇಳಿದರು. ಅವರು ಬೇಕಿಲ್ಲ, ಹನ್ನೆರಡು ಸಾಕು ಅಂದೆ.

ನಮ್ಮಿಬ್ಬರ ಮಾತು ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಅವರ ಇಂಗ್ಲಿಷಿಗೂ ನನ್ನದಕ್ಕೂ ಒಂದೇ ತೂಕ. ಅವರು ಅಂದದ್ದು ಹೆಚ್ಚುಕಡಿಮೆ ಇಷ್ಟು: “ಗೆದ್ದ ಮಾರನೇ ದಿನಾನೂ ಆ ಹತ್ತು ಮನೆ ಇಲ್ಲೇ ಇರ್ತವೆ. ಅವರ ಬಾಗಿಲ ಮುಂದೇನೇ ನೀನು ಓಡಾಡಬೇಕು. ಹೇಗೆ ಓಡಾಡ್ತೀಯ?”

ಆಮೇಲೆ ತಮ್ಮ ಗಲ್ಲಿಯ ಕಥೆ ಹೇಳಿದರು. ಅಲ್ಲಿ ಮತ ಹಾಕಿಸುವ ಪದ್ಧತಿಯೇ ಇರಲಿಲ್ಲ. ಚಾಪೆ ಹಾಸಿ ಕೂತು, ಎಲ್ಲರೂ ಒಪ್ಪುವ ತನಕ ಮಾತಾಡುವುದು, ಒಪ್ಪದಿದ್ದರೆ ಇನ್ನೊಂದು ದಿನ ಕೂರುವುದು. ಒಂದೇ ಒಂದು ಸಲ, ಚರಂಡಿ ಯಾರ ಮನೆಯ ಮುಂದೆ ಹಾಯಬೇಕು ಅನ್ನುವುದಕ್ಕೆ, ಬೇಸತ್ತು ಇವರೇ ಕೈ ಎತ್ತಿಸಿದರು. ಒಂದು ಮನೆ ಸೋತಿತು. ಚರಂಡಿ ಚೆನ್ನಾಗಿಯೇ ಆಯಿತು. ಆ ವರ್ಷ ಆ ಮನೆಯಲ್ಲಿ ಅಜ್ಜಿ ತೀರಿಕೊಂಡರು. ಅವರು ಯಾರನ್ನೂ ಕರೆಯಲಿಲ್ಲ, ಮನೆಯ ನಾಲ್ಕು ಜನರೇ ಹೊತ್ತುಕೊಂಡು ಹೋದರು. “ಗಲ್ಲಿ ತುಂಬ ಜನ ಇದ್ವಿ,” ಅಂದರು ಬು ಎರ್ತೇ, “ಬಾಗಿಲಲ್ಲಿ ನಿಂತು ನೋಡಿದ್ವಿ. ಅವತ್ತು ನಾನು ಹೆಸರಿಗೆ ಮಾತ್ರ ಎರ್ತೇ.”

ಮಾರನೆಯ ದಿನ ಬೆಳಿಗ್ಗೆ ಅವರು ಕಡ್ಡಿ ಪೊರಕೆ ಹಿಡಿದು ಎದುರುಮನೆಯ ಮುಂದೆ ನಿಂತಿದ್ದರು. ಹೌದು, ನಮ್ಮದೇ ಕಡ್ಡಿ ಪೊರಕೆ, ತೆಂಗಿನ ಗರಿಯದು. ಸೋಲೋದಿಂದ ಸೂಟ್‌ಕೇಸಿನಲ್ಲಿ ತಂದದ್ದು. ಕಾಲುದಾರಿಯ ಮೇಲೆ ಮೇಪಲ್ ಎಲೆ ಪಾದ ಮುಳುಗುವಷ್ಟು ಬಿದ್ದಿತ್ತು. ಎಲೆ ಊದುವ ಮೆಷಿನ್ ಹಿಡಿದು ವಾರಕ್ಕೊಮ್ಮೆ ಬರುವವರು ಇದ್ದೇ ಇದ್ದಾರೆ. ಇವರು ಗುಡಿಸುತ್ತಲೇ ಇದ್ದರು. ಮೊದಲ ದಿನ ಯಜಮಾನರು ಬಾಗಿಲು ತೆರೆದು, ಅದರ ಅಗತ್ಯವಿಲ್ಲ ಅಂದರಂತೆ. ಎರಡನೆಯ ದಿನ ತಾವೂ ಎಲೆ ಎಳೆಯುವ ಒಂದು ಗೋರೆಮಣೆ ಹಿಡಿದು ಹೊರಗೆ ಬಂದರು. ಮೂರನೆಯ ದಿನ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನಾನು ನನ್ನ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಸಗಟು ವ್ಯಾಪಾರಿಯ ಮುಖ ನೋಡಿಯೇ ಬೆಲೆಯಲ್ಲಿ ಎಷ್ಟು ಇಳಿಯುತ್ತಾನೆಂದು ಹೇಳಬಲ್ಲ ನನಗೆ, ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಮಾತಾಡುತ್ತಿದ್ದುದು ಯಜಮಾನರೊಬ್ಬರೇ, ಬು ಎರ್ತೇ ಪೊರಕೆಯ ಕಡ್ಡಿ ನೇರಮಾಡುತ್ತಾ ಕೂತಿದ್ದರು.

ಸಂಜೆ ಬು ಎರ್ತೇ ನನ್ನ ಹತ್ತಿರ ಬಂದು, ಹೇಳಲು ಎದುರುಮನೆಯವರ ಅಪ್ಪಣೆ ಪಡೆದಿದ್ದೇನೆ ಎಂದು ಮೊದಲು ತಿಳಿಸಿ, ಆಮೇಲೆ ಹೇಳಿದರು. ಆ ಯಜಮಾನರ ಹೆಂಡತಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ. ಔಷಧಿ ಏರಿಸಿದ ಮೂರು ನಾಲ್ಕು ದಿನ ಯಾವ ವಾಸನೆಯೂ ಆಗದು, ಕಾಫಿ ವಾಸನೆಗೂ ವಾಂತಿ. ಕಾಯಿಲೆ ಯಾರಿಗೂ ತಿಳಿಯಬಾರದು ಅನ್ನುವುದು ಆಕೆಯ ಹಠ. ಹೆಂಡತಿಯ ಮಾತು ಮುರಿಯಲಾರದೆ ಮನುಷ್ಯ ಘಾಟಿನ ಮೇಲೆ ದೂರು ಬರೆದಿದ್ದ. ಆರು ತಿಂಗಳಿಂದ ನಾನು ಕಿಟಕಿ ತೆರೆದು ಮೆಣಸಿನಕಾಯಿ ಹುರಿದಿದ್ದೆ. ನನ್ನ ಹಾಳೆಯಲ್ಲಿ ಆ ಮನೆಯ ನಂಬರೇ ಇರಲಿಲ್ಲ.

ಇನ್ನು ಹುರಿಯುವುದಿಲ್ಲ ಅಂದೆ. ಅವರು ತಲೆಯಾಡಿಸಿದರು. ನೀನು ಒಲೆ ಆರಿಸಿದರೆ ಇನ್ನೊಂದು ಮನೆ ಸೋತ ಹಾಗಾಯಿತು, ಅದೂ ಬೇಡ ಅಂದರು. ತಮ್ಮ ಬಾಗಿಲ ಪಕ್ಕ ಮೊಳೆಗೆ ತೂಗುಹಾಕಿದ್ದ ಸಣ್ಣ ತಗಡಿನ ಬಟ್ಟಲನ್ನು ಬಿಚ್ಚಿ ತಂದರು. ಅದರಲ್ಲಿ ಯಾವಾಗಲೂ ಒಂದು ಹಿಡಿ ಅಕ್ಕಿ ಇರುತ್ತಿತ್ತು. ಅಳಿಲಿಗೆ ಇಟ್ಟದ್ದೆಂದು ನಾವೆಲ್ಲ ತಿಳಿದಿದ್ದೆವು, ಅಳಿಲುಗಳೂ ಹಾಗೇ ತಿಳಿದಿದ್ದವು. ಅವರ ಗಲ್ಲಿಯಲ್ಲಿ ಪ್ರತಿ ಮನೆಯ ಮುಂದೂ ಅಂಥ ಬಟ್ಟಲು. ರಾತ್ರಿ ಕಾವಲಿನ ಸರದಿಯವರು ಹಿಡಿ ಹಿಡಿ ಅಕ್ಕಿ ಒಟ್ಟುಮಾಡಿ ಗಲ್ಲಿಯ ಖರ್ಚಿಗೆ ಬಳಸುವರು. ಬಟ್ಟಲು ಖಾಲಿ ಇದ್ದ ಮನೆಗೆ ಮಾರನೆಯ ಬೆಳಿಗ್ಗೆ ಎರ್ತೇ ಹೋಗಬೇಕು. “ಅಕ್ಕಿ ಕೇಳೋಕಲ್ಲ,” ಅಂದರು. “ಒಂದು ಹಿಡಿ ಅಕ್ಕಿ ಇಡೋಕೆ ಆಗದೇ ಇರೋ ಅಂಥದ್ದು ಆ ಮನೇಲಿ ಏನಾಯ್ತು ಅಂತ ನೋಡೋಕೆ.”

ಆ ಬಟ್ಟಲು ಎದುರುಮನೆಗೆ ಹೋಯಿತು. ಆಕೆಗೆ ಆಗದ ದಿನ ಅವರು ಅದನ್ನು ಬಾಗಿಲ ಪಕ್ಕ ತೂಗುಹಾಕುವುದು. ಬಟ್ಟಲು ಕಂಡರೆ ನಾನು ಒಲೆ ಹಚ್ಚುವುದಿಲ್ಲ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಸಭೆಯ ದಿನ ಬು ಎರ್ತೇ ಇಪ್ಪತ್ತೆರಡು ಮನೆಯವರಿಂದಲೂ ಒಂದೊಂದು ಮಾತು ಆಡಿಸಿದರು, ಪ್ರತಿಯೊಬ್ಬರತ್ತಲೂ ಆ ಹೆಬ್ಬೆರಳು ಚಾಚಿ. ಎರಡೂವರೆ ಗಂಟೆ ಹಿಡಿಯಿತು. ಮಧ್ಯೆ ಅಧ್ಯಕ್ಷರು ಎರಡು ಸಲ, ಇನ್ನು ಮತಕ್ಕೆ ಹಾಕೋಣವೇ ಎಂದು ಕೇಳಿದರು. ಇವರು ಎರಡು ಸಲವೂ ನಕ್ಕು, “ಬೆಲುಮ್” ಅಂದರು. ಅವರ ಭಾಷೆಯಲ್ಲಿ ಅದಕ್ಕೆ ‘ಇನ್ನೂ ಇಲ್ಲ’ ಎಂದು ಅರ್ಥ. ಮದುವೆಯಾಗದ ಮುದುಕನನ್ನು ಮದುವೆಯಾಯಿತೇ ಎಂದು ಕೇಳಿದರೂ ಅಲ್ಲಿ ಇಲ್ಲ ಅನ್ನುವುದಿಲ್ಲವಂತೆ, ಬೆಲುಮ್ ಅನ್ನುತ್ತಾನಂತೆ. ಕೊನೆಗೆ ಎದುರುಮನೆಯವರು ಎದ್ದು, ನನ್ನ ದೂರು ಬಗೆಹರಿದಿದೆ, ವಾಪಸು ತೆಗೆದುಕೊಳ್ಳುತ್ತೇನೆ ಅಂದರು. ಕಾರಣ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನನ್ನ ಜೇಬಿನಲ್ಲಿ ಹನ್ನೆರಡು ಮತದ ಹಾಳೆ ಹಾಗೇ ಇತ್ತು. ಮನೆಗೆ ಬಂದು ಹರಿದುಹಾಕಿದೆ. ಇಷ್ಟು ವರ್ಷ ಚೌಕಾಶಿ ಮಾಡಿದ್ದೇನೆ. ಎರಡೂ ಕಡೆಯವರು ಗೆದ್ದು ಎದ್ದುಹೋದ ವ್ಯವಹಾರ ನಾನು ನೋಡಿದ್ದು ಅದೊಂದೇ.

ಆ ಮನೆಯಾಕೆ ಗುಣವಾದರು. ಬಟ್ಟಲು ಹೊರಗೆ ಬರುವುದು ಕಡಿಮೆಯಾಗುತ್ತಾ ಬಂದು, ಒಂದು ಹಂತದಲ್ಲಿ ನಿಂತೇ ಹೋಯಿತು. ಆಮೇಲೂ ನಾನು ಒಲೆ ಹಚ್ಚುವ ಮೊದಲು ಕಿಟಕಿಯಿಂದ ಒಮ್ಮೆ ನೋಡುವುದನ್ನು ಬಿಡಲಿಲ್ಲ, ಅಭ್ಯಾಸ.

ಹೋದ ಚಳಿಗಾಲದಲ್ಲಿ ಬು ಎರ್ತೇ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಸಣ್ಣಗಾಗಿದ್ದರು. ಡಾಕ್ಟರು ಮನೆಗೆ ಯಾವಾಗ ಕಳಿಸುತ್ತಾರಂತೆ ಎಂದು ಕೇಳಿದೆ. “ಬೆಲುಮ್,” ಅಂದರು. ನನಗೆ ಕುರ್ಚಿ ತೋರಿಸಿದರು, ಅದೇ ಹೆಬ್ಬೆರಳಿನಿಂದ. ಸೂಜಿ ಚುಚ್ಚಿದ್ದ ಕೈ, ಆದರೂ ಇನ್ನೊಂದು ಕೈ ಮೊಣಕೈ ಮುಟ್ಟುವುದನ್ನು ಮರೆಯಲಿಲ್ಲ.

ಎರಡು ದಿನ ಕಳೆದು ಬೆಳಿಗ್ಗೆ ಮಗಳಿಂದ ಮೆಸೇಜು ಬಂತು. ಓದಿ ಫೋನನ್ನು ಮಗುಚಿಟ್ಟೆ. ಏನು ಮಾಡಬೇಕೆಂದು ತಿಳಿಯದಾಗ ನಾನು ಕೆಲಸ ಮಾಡುವವಳು. ಬಾಣಲೆ ಇಟ್ಟು, ಒಲೆ ಹಚ್ಚಿ, ಮೆಣಸಿನಕಾಯಿ ಚೀಲ ಬಿಚ್ಚಿದೆ. ಅವತ್ತು ಕಿಟಕಿಯಿಂದ ನೋಡಿದ್ದು ಆಮೇಲೆ. ಎದುರುಮನೆಯ ಬಾಗಿಲ ಪಕ್ಕ ತಗಡಿನ ಬಟ್ಟಲು ತೂಗುತ್ತಿತ್ತು.

ಕಾಯಿಲೆ ಮರುಕಳಿಸಿತು ಎಂದೇ ಅಂದುಕೊಂಡೆ. ಒಲೆ ಆರಿಸಿ ಹಾಗೇ ಓಡಿದೆ. ಬಾಗಿಲು ತೆರೆದವರು ಆಕೆಯೇ, ಗಟ್ಟಿಮುಟ್ಟಾಗಿದ್ದರು, ಕಣ್ಣು ಮಾತ್ರ ಕೆಂಪಾಗಿತ್ತು. ಹಿಂದೆ ಯಜಮಾನರು. ಬಟ್ಟಲು ಯಾಕೆ ಎಂದು ಕೇಳಿದೆ. ಯಜಮಾನರು ಬಲಗೈಯ ಬೆರಳುಗಳನ್ನು ಮಡಚಿ, ಎಡಗೈಯನ್ನು ಮೊಣಕೈಗೆ ತಾಗಿಸಿ, ಹೆಬ್ಬೆರಳಿನಿಂದ ಬು ಎರ್ತೇ ಅವರ ಬಾಗಿಲನ್ನು ತೋರಿಸಿದರು.

ಸಾವಾದ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ ಅನ್ನುವುದು ನಮ್ಮ ಕಡೆಯ ಪದ್ಧತಿ. ಅದನ್ನು ನಾನು ಆ ಸಾಲಿನಲ್ಲಿ ಯಾರಿಗೂ ಯಾವತ್ತೂ ಹೇಳಿರಲಿಲ್ಲ. ಮನೆಗೆ ಬಂದು ಮೆಣಸಿನಕಾಯಿ ಚೀಲದ ಬಾಯಿ ಕಟ್ಟಿದೆ, ಬಾಣಲೆ ಇಳಿಸಿದೆ.