ಗಿಲಾದ್ ಬಿಟ್ಟುಕೊಟ್ಟ ಪಾರ್ಕಿಂಗ್ ಜಾಗ

ಅದಕ್ಕೇ ಹೇಳಿದ್ದು, ಟ್ಯಾಕ್ಸಿ ಓಡಿಸುವ ಗಿಲಾದ್‌ನಂಥ ನೆರೆಯವನು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ. ಯೆಹೂದಿಗಳು ಸುಕ್ಕೋತ್ ಹಬ್ಬಕ್ಕೆ ಹಾಕುವ ಎಲೆಚಪ್ಪರದ ಮೇಲೆ ಬರೀ ಆಕಾಶ ಇರಬೇಕು. ಒಂದು ವರ್ಷ ಮೇಲಿನ ಮನೆಯವರು ಹೊಸ ಬಾಲ್ಕನಿ ಕಟ್ಟಿಸಿದ್ದರಿಂದ, ಗಿಲಾದ್‌ನ ಪಕ್ಕದ ಮನೆಯ ಫರ್ಹಾ ಅಜ್ಜಿ ಚಪ್ಪರ ಹಾಕುತ್ತಿದ್ದ ಬಾಲ್ಕನಿಗೆ ಆಕಾಶವೇ ಇಲ್ಲದಂತಾಯಿತು. ಗಂಡ ತೀರಿಕೊಂಡ ವರ್ಷವೂ ಚಪ್ಪರ ತಪ್ಪಿಸದ ಜೀವ, ಮೆಟ್ಟಿಲ ಮೇಲೆ ಸಪ್ಪಗೆ ಕೂತಿತ್ತು. ಗಿಲಾದ್ ಅಂಗಳದಿಂದ ತನ್ನ ಟ್ಯಾಕ್ಸಿ ಹೊರಗೆ ತೆಗೆದ.

“ಚಪ್ಪರ ನನ್ನ ಜಾಗದಲ್ಲಿ ಹಾಕಿ ಅಜ್ಜಿ.”

“ಗಾಡಿ ಎಲ್ಲಿ ನಿಲ್ಲಿಸ್ತೀಯೋ? ಈ ರಾಮತ್ ಗಾನ್ ಊರಲ್ಲಿ ಮದುವೆಗೆ ಹೆಣ್ಣಾದ್ರೂ ಸಿಕ್ಕೀತು, ಪಾರ್ಕಿಂಗ್ ಸಿಗಲ್ಲ!”

“ನಂಗೆ ಎರಡೂ ಸಿಕ್ಕಿಲ್ಲ ಬಿಡಿ.”

“ದೇವರೇ ಇಲ್ಲ ಅಂತಿದ್ಯಲ್ಲೋ ತಲೆಹರಟೆ, ಈಗ ಹಬ್ಬಕ್ಕೆ ಜಾಗ ಕೊಡ್ತೀಯಾ?”

“ಅವನಿಲ್ದಿದ್ರೇನು, ನೀವಿದ್ದೀರಲ್ಲ.”

ಅಜ್ಜಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಂದಿನಿಂದ ಪ್ರತಿ ವರ್ಷವೂ ಹಬ್ಬ ಮುಗಿಯುವವರೆಗೆ ಗಿಲಾದ್ ಎಲ್ಲೋ ದೂರದ ಬೀದಿಯಲ್ಲಿ ಗಾಡಿ ಬಿಟ್ಟು ನಡೆದು ಬರುತ್ತಾನೆ. ಅಜ್ಜಿ ಚಪ್ಪರದಡಿ ಮಾಂಸ ತುಂಬಿದ ಉಂಡೆಗಳ ಕುಬ್ಬೆ ಸಾರಿನ ಮೊದಲ ಬಟ್ಟಲನ್ನು ಅವನಿಗೇ ಬಡಿಸುತ್ತಾರೆ. ನೀವೂ ಒಮ್ಮೆ ಹೋಗಿ ಅವರನ್ನು ಮಾತಾಡಿಸಿ ಬನ್ನಿ.